ಶಟರಿಗೊಂದು ಮ್ಯಾಚಿಂಗ್ ಬ್ಲೌಸು

ನಮ್ಮ ಕಾಂಪೌಂಡ್ ಗೋಡೆ ನಾಲ್ಕೂವರೆ ಅಡಿ. ಹರಟೆಗೆ ಹೇಳಿ ಮಾಡಿಸಿದ ಎತ್ತರ. ಮೊಣಕೈ ಊರಬಹುದು, ಕಾಫಿ ಲೋಟ ಇಡಬಹುದು, ಮಾತು ಸಾಕೆನಿಸಿದರೆ ಕುಕ್ಕರ್ ಕೂಗಿತು ಅಂತ ಒಳಗೆ ಸರಿದುಕೊಳ್ಳಬಹುದು. ಅದರ ಆಚೆಯ ಖಾಲಿ ಸೈಟಿನಲ್ಲಿ ರಿಟೈರಾದ ಗಣಿತದ ಮೇಷ್ಟ್ರೊಬ್ಬರು ಮನೆ ಕಟ್ಟಿಸಿದರು. ಪಾಯದಿಂದ ಮೋಲ್ಡಿನವರೆಗೂ ನಮ್ಮ ಮಾತು ಮರಳು, ಕಂಬಿ, ಕ್ಯೂರಿಂಗು ಅಂತ ನೆಟ್ಟಗೇ ಇತ್ತು. ಪ್ಲಾಸ್ಟರಿಂಗ್ ಮುಗಿದ ಮೇಲೆ ಬಣ್ಣದ ವಿಷಯ ಬಂತು ನೋಡಿ, ಹಳಿ ತಪ್ಪಿತು.

"ಕಿಟಕಿಗೂ ಶಟರಿಗೂ ಒಂದೇ ಬಣ್ಣ ಇರಬೇಕಂತೆ ಸಾರ್," ಅಂದರು ಒಂದು ಬೆಳಿಗ್ಗೆ.

"ಯಾರು ಹೇಳಿದ್ದು ಮೇಷ್ಟ್ರೇ?"

"ಮಗ."

ಮಗ ಇರುವುದು ಜರ್ಮನಿಯಲ್ಲಿ. ಅಲ್ಲಿ ಮನೆಯ ಕಿಟಕಿಗೇ ಶಟರು. ಕಿಟಕಿಯ ತಲೆಯ ಮೇಲೊಂದು ಡಬ್ಬ, ಅದರೊಳಗೆ ಸುರುಳಿ ಸುತ್ತಿದ ಪಟ್ಟಿಗಳು. ಒಳಗೆ ನಿಂತು ಬೆಲ್ಟು ಸಡಿಲಬಿಟ್ಟರೆ ಹೊರಗೆ ಶಟರ್ ಇಳಿಯುತ್ತದೆ. ಚಳಿಗಾಲದಲ್ಲಿ ಥಂಡಿಗೆ ಅಡ್ಡ. ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಬೆಳಕು ಹೋಗದ ಊರು, ಮಕ್ಕಳನ್ನು ಮಲಗಿಸಲು ಕತ್ತಲೆಯನ್ನೂ ಇದೇ ತರಬೇಕು. ಚೌಕಟ್ಟು, ಶಟರು ಎರಡೂ ಒಂದೇ ಗೂಡಿನಲ್ಲಿ ಅಂಟಿಕೊಂಡಿರುವುದರಿಂದ ಬಣ್ಣ ಕೂಡಲೇಬೇಕು. ಇಲ್ಲದಿದ್ದರೆ ಒಂದು ಕಾಲಿಗೆ ಕರಿ ಚಪ್ಪಲಿ, ಇನ್ನೊಂದಕ್ಕೆ ಕಂದು ಚಪ್ಪಲಿ ಹಾಕಿದ ಹಾಗೆ.

ಮೈಸೂರಿನಲ್ಲಿ ಶಟರ್ ಅಂದರೆ ಅಂಗಡಿ. ಮೇಷ್ಟ್ರು ಪೆನ್ಷನ್ನಿನ ಜೊತೆಗೆ ನಾಲ್ಕು ಕಾಸು ಬರಲಿ ಅಂತ ಮುಂದುಗಡೆ ಹತ್ತಕ್ಕೆ ಹನ್ನೆರಡರ ಒಂದು ಮಳಿಗೆ ಬಿಟ್ಟಿದ್ದರು. ಕಿಟಕಿಗಳು ಮಹಡಿಯ ಮೇಲೆ, ಶಟರು ರಸ್ತೆಯ ಮೇಲೆ, ನಡುವೆ ಬಾಲ್ಕನಿ. ಇವೆರಡಕ್ಕೆ ಯಾವ ನಂಟು? ಆದರೆ ಮಗ ಕಳಿಸಿದ್ದು ಬಣ್ಣದ ಹೆಸರನ್ನಲ್ಲ, ನಾಲ್ಕು ಅಂಕಿಗಳನ್ನು: 7016. ಮೇಷ್ಟ್ರು ಬಿದ್ದದ್ದೇ ಅಲ್ಲಿ.

"ನೋಡಿ ಸಾರ್, 1927ರಲ್ಲೇ ಜರ್ಮನ್ನರು ನಲವತ್ತು ಬಣ್ಣ ಆರಿಸಿ ನಂಬರ್ ಕೊಟ್ಟುಬಿಟ್ಟರು. ರಾಲ್ ಅಂತಾರೆ. ಈಗ ಇನ್ನೂರಕ್ಕೂ ಮೇಲಿದೆ. ಮೊದಲ ಅಂಕಿಯೇ ಗೋತ್ರ. ಒಂದು ಅಂದರೆ ಹಳದಿ, ಆರು ಹಸಿರು, ಏಳು ಬೂದು, ಎಂಟು ಕಂದು. ನಂಬರ್ ಹೇಳಿದರೆ ಮುಗೀತು, ಎಲ್ಲಿ ಹೋದರೂ ಅದೇ ಬಣ್ಣ." ಜೊತೆಗೆ, 7016 ಎಂಟರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಅಂತಲೂ ಸೇರಿಸಿದರು.

ಅವರು ಮೊಬೈಲಿನಲ್ಲಿ ತೋರಿಸಿದ್ದನ್ನು ನೋಡಿದೆ. ನನ್ನ ಕಣ್ಣಿಗೆ ಅದು ಒದ್ದೆ ಕಡಪಾ ಕಲ್ಲು. ಗಿಳಿ ಹಸಿರು, ಈರುಳ್ಳಿ ಸಿಪ್ಪೆ, ಮಾವಿನ ಚಿಗುರು ಅಂತ ವಸ್ತುವಿನ ಹೆಸರಲ್ಲೇ ಬಣ್ಣ ಗುರುತಿಸುವ ಜನ ನಾವು. ಒಬ್ಬರ ಈರುಳ್ಳಿ ಇನ್ನೊಬ್ಬರ ಈರುಳ್ಳಿಯ ಹಾಗಿರುವುದಿಲ್ಲ, ನಿಜ. ಹಾಗಂತ ಯಾರ ಮನೆಯೂ ನಿಂತಿಲ್ಲ.

ನನ್ನ ತಕರಾರು ಬೇರೆ ಇತ್ತು. ಮೇಷ್ಟ್ರ ಮನೆಯ ದೊಡ್ಡ ಕಿಟಕಿಗಳೆಲ್ಲ ಪಡುವಣಕ್ಕೆ. ಅವರು ಹಾಕಿಸಬೇಕೆಂದಿದ್ದದ್ದು ಯುಪಿವಿಸಿ. "ಅಷ್ಟು ಕಡುಬಣ್ಣ ಮಧ್ಯಾಹ್ನದ ಬಿಸಿಲನ್ನೆಲ್ಲ ಕುಡಿಯುತ್ತೆ ಮೇಷ್ಟ್ರೇ. ಬಿಳಿಯಾದರೆ ತಡೆಯುತ್ತೆ, ಇದು ಹಿಗ್ಗುತ್ತೆ. ಅಲ್ಯೂಮಿನಿಯಮ್ ಹಿಗ್ಗುವುದಕ್ಕಿಂತ ಮೂರು ಪಟ್ಟು," ಅಂದೆ. ಜೇಬಿನಿಂದ ಬಳಪ ಬಂತು. ಇನ್ನೂ ಬಣ್ಣ ಕಾಣದ ತಮ್ಮ ಹೊಸ ಗೋಡೆಯ ಮೇಲೆ, ಮೀಟರಿಗೆ ಡಿಗ್ರಿಗೆ 0.07 ಮಿಲಿಮೀಟರ್, ಒಂದೂವರೆ ಮೀಟರ್ ಉದ್ದ, ಮೂವತ್ತು ಡಿಗ್ರಿ ಏರಿಕೆ ಅಂತ ಗುಣಿಸಿದರು. 3.15. "ಮೂರು ಮಿಲಿಮೀಟರ್! ಕಿಟಕಿ ಸರಿಯೋದೇ ಇಲ್ಲವಲ್ಲ ಸಾರ್!" ಸರಿಯಾಗಿ ಅಳತೆ ಬಿಟ್ಟು ಕೂರಿಸಿದರೆ ಸರಿಯುತ್ತದೆ, ಅದನ್ನು ನಾನು ಹೇಳಲು ಹೋಗಲಿಲ್ಲ. ಮಾರನೆಯ ದಿನವೇ ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಮ್ ಕಿಟಕಿಗಳಿಗೆ ಆರ್ಡರ್ ಹೋಯಿತು. ಬಣ್ಣ ಮಾತ್ರ ಅದೇ 7016. ಗೋಡೆಯ ಮೇಲಿನ ಲೆಕ್ಕ ಪುಟ್ಟಿ ಬಳಿಯುವವರೆಗೂ ಹಾಗೇ ಇತ್ತು.

ಉಳಿದದ್ದು ಶಟರು. ನಾನು ಹುಡುಗನಾಗಿದ್ದಾಗ ಸಂತೇಪೇಟೆಯ ಅಂಗಡಿಗಳಿಗೆ ಶಟರುಗಳಿರಲಿಲ್ಲ, ಹಲಗೆ ಬಾಗಿಲುಗಳಿದ್ದವು. ರಾತ್ರಿ ಅಂಗಡಿಯ ಹುಡುಗ ಒಂದೊಂದೇ ಹಲಗೆಯನ್ನು ಹೊತ್ತು ತಂದು ಹೊಸ್ತಿಲ ಸೀಳಿನಲ್ಲಿ ಇಳಿಸಿ ಪಕ್ಕಕ್ಕೆ ನೂಕಬೇಕು, ಕೊನೆಯದಕ್ಕೆ ಅಡ್ಡಪಟ್ಟಿ, ಬೀಗ. ಪ್ರತಿ ಹಲಗೆಯ ಮೇಲೂ ನಂಬರ್. ಕನ್ನಡದ ೬, ೯ ಬೇರೆ ಒಂದೇ ಮುಖದವು. ಅದಲುಬದಲಾದರೆ ಕೊನೆಯ ಹಲಗೆ ಕೂರದೆ ಸಾಹುಕಾರರ ಬಾಯಿಂದ ಮಂತ್ರ ಶುರು. ಅವುಗಳಿಗೆ ಬಣ್ಣ ಅಂತ ಇದ್ದ ನೆನಪೇ ಇಲ್ಲ. ಕೈಯ ಜಿಡ್ಡು, ಎಣ್ಣೆ, ಧೂಳು ಸೇರಿ ಆದ ಬಣ್ಣ. ಅದಕ್ಕೆ ಜರ್ಮನ್ನರೂ ನಂಬರ್ ಕೊಟ್ಟಿರಲಾರರು.

ಶಟರಿಗೆ ಬಳಿಯಲು ಪೇಂಟರು 7016 ಅಂತಲೇ ಬೆರೆಸಿದ ಎನಾಮಲ್ ಡಬ್ಬ ತಂದ. ಕೆಳಗಿನ ನಾಲ್ಕು ಪಟ್ಟಿಗೆ ಹಚ್ಚಿ ತೋರಿಸಿದ. ನಂಬರ್ ಒಂದೇ, ಬಣ್ಣ ಎರಡು! ಮೇಲೆ ಕಿಟಕಿ ಮಂಕಾಗಿ ಕೂತಿದೆ, ಕೆಳಗೆ ಶಟರು ಎಣ್ಣೆ ಹಚ್ಚಿದ ಎಮ್ಮೆಯ ಬೆನ್ನಿನ ಹಾಗೆ ಮಿಂಚುತ್ತಿದೆ. ಸಾಲದ್ದಕ್ಕೆ ಶಟರಿನ ಪಟ್ಟಿ ಚಪ್ಪಟೆಯಲ್ಲ, ಡೊಂಕು. ಪ್ರತಿ ಪಟ್ಟಿಯ ಮೇಲ್ಭಾಗ ಬೆಳಕು ಹಿಡಿದು ಬೆಳ್ಳಗೆ, ಕೆಳಭಾಗ ನೆರಳಾಗಿ ಕಪ್ಪಗೆ. ಮೇಷ್ಟ್ರು ರಸ್ತೆಯ ಆಚೆ ಹೋಗಿ ನಿಂತು ನೋಡಿದರು, ಕನ್ನಡಕ ತೆಗೆದು ನೋಡಿದರು, ಒಂದು ಕಣ್ಣು ಮುಚ್ಚಿಯೂ ನೋಡಿದರು.

ನಾನು ಪೇಂಟರನ್ನು ಕೇಳಿದ್ದು ಒಂದೇ: "ಒಳಗೆ ಯಾವ ಪ್ರೈಮರ್ ಹೊಡೆದೆಯಪ್ಪ?"

"ಏನೂ ಬೇಡ ಸಾರ್, ಜಿಐ ಶೀಟು, ತುಕ್ಕು ಹಿಡಿಯಲ್ಲ."

ಈ ಮಾತು ನಂಬಿ ಕೆಟ್ಟವನು ನಾನು. ನಮ್ಮ ಗೇಟಿಗೆ ಹೊಡೆಸಿದ್ದ ಜಿಐ ತಗಡಿಗೆ ನೇರವಾಗಿ ಎನಾಮಲ್ ಬಳಿಸಿದ್ದೆ. ಎರಡನೆಯ ಮಳೆಗಾಲಕ್ಕೆ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಅಂಗೈಯಗಲ ಅಂಗೈಯಗಲ ಎದ್ದು ಬಂತು. ತಗಡಿನ ಮೇಲಿನ ಸತುವಿಗೂ ಎನಾಮಲ್‌ನ ಎಣ್ಣೆಗೂ ಆಗಿಬರುವುದಿಲ್ಲ. ಎರಡೂ ಸೇರಿ ಅಡಿಯಲ್ಲಿ ಸೋಪಿನಂಥ ಪದರವಾಗಿ ಹಿಡಿತ ಬಿಟ್ಟುಹೋಗುತ್ತದೆ. ಜಿಡ್ಡು ತೊಳೆದು, ಜಿಐಗೆಂದೇ ಬರುವ ಪ್ರೈಮರ್ ಹೊಡೆದು, ಆಮೇಲೆ ಬಣ್ಣ. ಮನೆ ಕಟ್ಟುವವರು ಈ ಹರಟೆಯಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ನೆನಪಿಡಿ. ಯಾವ ಬಣ್ಣ ಅನ್ನುವುದಕ್ಕಿಂತ ಅದರ ಅಡಿಯಲ್ಲಿ ಏನಿದೆ ಅನ್ನುವುದಕ್ಕೇ ದುಡ್ಡು ಹೋಗಬೇಕು.

ಗಂಡಸರ ಈ ಪಂಚಾಯಿತಿಯನ್ನು ಮುಗಿಸಿದವರು ಮೇಷ್ಟ್ರ ಮನೆಯವರು. ಸೊಪ್ಪಿನ ಚೀಲ ಹಿಡಿದು ಬಂದವರು ಶಟರನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದರು.

"ರೀ, ರೇಷ್ಮೆ ಸೀರೆಗೆ ಕಾಟನ್ ಬ್ಲೌಸು ಅದೇ ಬಣ್ಣದ್ದು ತಗೊಂಡ್ರೆ ಮ್ಯಾಚ್ ಆಗುತ್ತಾ? ಮ್ಯಾಚಿಂಗ್ ಸೆಂಟರ್‌ನಲ್ಲಿ ಟ್ಯೂಬ್‌ಲೈಟಲ್ಲಿ ಸರಿಯಾಗೇ ಕಾಣುತ್ತೆ. ಅದಕ್ಕೇ ನಾವು ಫುಟ್‌ಪಾತಿಗೆ ತಂದು ಬಿಸಿಲಲ್ಲಿ ಹಿಡಿದು ನೋಡೋದು. ಒಡಲಿನ ಬಣ್ಣಕ್ಕೆ ಯಾವತ್ತೂ ಜೊತೆ ಸಿಗಲ್ಲ. ಅಂಚಿನ ಬಣ್ಣ ತಗೋಬೇಕು."

"ಮನೆಗೆ ಅಂಚು ಎಲ್ಲಿಂದ ಬರುತ್ತೆ?"

"ಗೇಟು. ಅದೂ ಕಬ್ಬಿಣ, ಇದೂ ಕಬ್ಬಿಣ. ಒಂದೇ ಡಬ್ಬದಲ್ಲಿ ಒಂದೇ ಕೈಯಲ್ಲಿ ಬಳಿದರೆ ಎರಡೂ ಒಟ್ಟಿಗೇ ಹಳೇದಾಗುತ್ತವೆ. ಕಿಟಕಿ ಪಾಡಿಗೆ ಕಿಟಕಿ ಇರಲಿ."

ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರು ಕೈಕಟ್ಟಿ ಕೇಳಿದರು. ಶಟರಿಗೂ ಗೇಟಿಗೂ ಪ್ರೈಮರಿನ ಮೇಲೆ ಕಾಫಿಪುಡಿ ಕಂದು ಬಂತು. ಮಗನಿಗೆ ಫೋಟೋ ಹೋಯಿತು. ಅವನು ಹೆಬ್ಬೆರಳು ಕಳಿಸಿದ.

ಗೃಹಪ್ರವೇಶವಾಗಿ ತಿಂಗಳೊಳಗೆ ಮಳಿಗೆಗೆ ದಿನಸಿ ಅಂಗಡಿಯವನು ಬಂದ. ಬೆಳಿಗ್ಗೆ ಆರೂವರೆಗೆ ಶಟರ್ ಎತ್ತಿದರೆ ಇಳಿಸುವುದು ರಾತ್ರಿ ಹತ್ತಕ್ಕೆ. ಅಂದರೆ ಇಷ್ಟೆಲ್ಲ ಮಾಡಿ ಹಚ್ಚಿಸಿದ ಬಣ್ಣ ಹಗಲೆಲ್ಲ ಸುರುಳಿಯೊಳಗೇ ಇರುತ್ತದೆ. ಕತ್ತಲಾದ ಮೇಲೆ ಅದನ್ನು ನೋಡುವುದು ಬೀದಿನಾಯಿ, ಬೀದಿದೀಪ. ಅದಾಗಿ ಎರಡು ತಿಂಗಳಿಗೆ ಒಂದು ಬಿಸ್ಕತ್ ಕಂಪನಿಯವರು ಏಣಿ ತಂದು, ಅಂಗಡಿಯವನನ್ನು ಒಪ್ಪಿಸಿ, ಶಟರಿನ ತುಂಬ ತಮ್ಮ ಹೆಸರು ಬರೆದು ಹೋದರು. ಹಳದಿ ನೆಲ, ಕೆಂಪು ಅಕ್ಷರ.

ಮೇಷ್ಟ್ರು ಜಗಳ ಮಾಡಬಹುದು ಅಂತ ನಾನು ಕಾಫಿ ಲೋಟ ಹಿಡಿದು ಗೋಡೆಯ ಹತ್ತಿರ ಹೋದೆ. ಅವರು ಆಗಲೇ ಮೊಣಕೈ ಊರಿ ನಿಂತಿದ್ದರು.

"ಹಳದಿ ಅಲ್ವಾ ಸಾರ್," ಅಂದರು, "ಒಂದರಿಂದ ಶುರುವಾಗುತ್ತೆ."