ನಿವೃತ್ತ ದೀಪಸ್ತಂಭದ ವಿಮಾನ ಸಲಹೆ

ಕಡಲಲ್ಲಿ ಕಾಣೆಯಾದವರನ್ನು ಹುಡುಕಿ ತರಲು ಕೋಸ್ಟ್ ಗಾರ್ಡ್ ಎಂಥ ವಿಮಾನ ಇಟ್ಟುಕೊಳ್ಳಬೇಕು ಎಂದು ಹೇಳಬಲ್ಲವರಿಗೆ ಮಂಗಳೂರಿನಲ್ಲಿ ಬರವಿಲ್ಲ. ಬಲ್ಮಠದ ಬಸ್ ಸ್ಟಾಪಿನಲ್ಲೇ ನಾಲ್ಕೈದು ತಜ್ಞರು ಸಿಗುತ್ತಾರೆ. ಆದರೆ ಕಡಲು ಕಾಯುವುದನ್ನೇ ಉದ್ಯೋಗ ಮಾಡಿಕೊಂಡು ನಿವೃತ್ತಿಯಾದವರು ಬೇಕೆಂದರೆ ಬಲ್ಮಠಕ್ಕೆ ತಾಗಿದ ಬಾವುಟಗುಡ್ಡೆಯ ಹಳೆಯ ದೀಪಸ್ತಂಭಕ್ಕೇ ಹೋಗಬೇಕು. ದೀಪ ಆರಿದಂದಿನಿಂದ ಅದಕ್ಕೆ ಪುರುಸೊತ್ತು ಹೆಚ್ಚು, ಅಭಿಪ್ರಾಯಗಳೂ ಹೆಚ್ಚು. ಟಾಗೋರ್ ಪಾರ್ಕಿಗೆ ಬಂದವರು ಬಿಟ್ಟುಹೋದ ಪತ್ರಿಕೆಗಳನ್ನೆಲ್ಲ ಓದಿ ಮುಗಿಸಿ ಅದು ಸಂದರ್ಶನಕ್ಕೆ ಸಿದ್ಧವಾಗಿತ್ತು.

ಪಣಂಬೂರಿನಲ್ಲಿ ಕೋಸ್ಟ್ ಗಾರ್ಡಿನ ಹಡಗುಗಳಿರುವಾಗ ವಿಮಾನವೇಕೆ ಎಂಬ ಮೊದಲ ಪ್ರಶ್ನೆಗೆ ದೀಪಸ್ತಂಭ ತನ್ನ ಕಸುಬಿನ ಲೆಕ್ಕವನ್ನೇ ಕೊಟ್ಟಿತು. ನೀರಿನಿಂದ 4 ಮೀಟರ್ ಮೇಲಿನ ಡೆಕ್ಕಿನಲ್ಲಿ ನಿಂತವನಿಗೆ ದಿಗಂತ 7 ಕಿ.ಮೀ. ದೂರ. 80 ಮೀಟರ್ ಎತ್ತರದಿಂದ 32, 300 ಮೀಟರ್ ಎತ್ತರದ ವಿಮಾನದಿಂದ 62. "ಆದ್ರೆ ದಿಗಂತ ಕಂಡ್ರೆ ಮನುಷ್ಯ ಕಂಡ ಹಾಗಲ್ಲ ಮಾರಾಯ್ರೆ" ಎಂದೂ ಸೇರಿಸಿತು. ಅಲೆಗಳ ನಡುವೆ ತಲೆಯಷ್ಟೇ ಮೇಲಿರುವವನು ಕೆಲವು ನೂರು ಮೀಟರ್ ಆಚೆಗೆ ಕಣ್ಣಿಗೆ ಬೀಳುವುದೇ ಕಷ್ಟ. ಹಾಗಾಗಿ ಹುಡುಕುವ ವಿಮಾನ ತಗ್ಗಿನಲ್ಲಿ, ನಿಧಾನವಾಗಿ, ಗದ್ದೆ ಉಳುವ ಎತ್ತಿನಂತೆ ಸಾಲು ಹಿಡಿದು ಗಂಟೆಗಟ್ಟಲೆ ಹೋಗಿ ಬರುತ್ತಿರಬೇಕು. ಈ ಪರೀಕ್ಷೆಯಲ್ಲಿ ಜೆಟ್ ವೇಗಕ್ಕೆ ಹೆಚ್ಚು ಮಾರ್ಕಿಲ್ಲ.

ಡಾರ್ನಿಯರ್-228 ಇದರಲ್ಲಿ ಸುಲಭವಾಗಿ ಪಾಸಾಗುತ್ತದೆ. ಜರ್ಮನ್ ವಿನ್ಯಾಸದ ಈ ವಿಮಾನವನ್ನು ಎಚ್‌ಎಎಲ್ ತನ್ನ ಕಾನ್ಪುರ ಘಟಕದಲ್ಲಿ ತಯಾರಿಸುತ್ತದೆ. ಎರಡು ಟರ್ಬೊಪ್ರಾಪ್ ಎಂಜಿನ್, ಹೊಟ್ಟೆಯಡಿ ರೇಡಾರ್. ರೆಕ್ಕೆ ಮೇಲಿರುವುದರಿಂದ ಕಿಟಕಿಯಲ್ಲಿ ಕುಳಿತವರಿಗೆ ಕೆಳಗಿನ ಕಡಲು ಪೂರ್ತಿ ಕಾಣುತ್ತದೆ. ನೀರಲ್ಲಿದ್ದವರಿಗೆ ಅದು ತೆಪ್ಪ ಎಸೆಯಬಲ್ಲದು, ಎತ್ತಿಕೊಳ್ಳಲಾರದು. 2025ರ ಜೂನ್ 9ರಂದು ಕೇರಳ ಕರಾವಳಿಯಾಚೆ ವಾನ್ ಹೈ 503 ಹಡಗಿಗೆ ಬೆಂಕಿ ಬಿದ್ದಾಗ ಡಾರ್ನಿಯರ್ ಮೇಲಿಂದ ಪರಿಸ್ಥಿತಿ ನೋಡಿತು. 22 ಸಿಬ್ಬಂದಿಯಲ್ಲಿ 18 ಮಂದಿಯನ್ನು ಮಂಗಳೂರಿಗೆ ತಂದದ್ದು ನೌಕಾಪಡೆಯ ಸೂರತ್ ಹಡಗು.

ಹಾಗಾದರೆ ಹೆಲಿಕಾಪ್ಟರೇ ಸಾಕಲ್ಲವೇ? ದೀಪಸ್ತಂಭ ನಕ್ಕಿತೆಂದು ಹೇಳಲಾಗದು, ಗಾರೆ ಸ್ವಲ್ಪ ಉದುರಿತು. ಕೋಸ್ಟ್ ಗಾರ್ಡಿನ ಹಳೆಯ ಸಂಗಾತಿ ಚೇತಕ್‌ಗೆ ಒಂದೇ ಎಂಜಿನ್. ಅದು ಕೈಕೊಟ್ಟರೆ ಹುಡುಕಲು ಹೋದವರನ್ನೇ ಹುಡುಕಬೇಕು. ಬೆಂಗಳೂರಿನಲ್ಲಿ ತಯಾರಾಗುವ ಧ್ರುವ್ ಮಾರ್ಕ್-3ಕ್ಕೆ ಎಂಜಿನ್ ಎರಡು, ಜನರನ್ನು ಮೇಲೆಳೆಯುವ ವಿಂಚ್ ಕೂಡ ಉಂಟು. ಅಂಥದ್ದರ ಬೆಲೆ ಏನೆಂದು 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮುಲ್ಕಿ ಬಂಡೆಗಳಿಗೆ ಸಿಲುಕಿದ ಕೋರಮಂಡಲ್ ಸಪೋರ್ಟರ್ ಟಗ್ಗಿನಲ್ಲಿದ್ದ ಒಂಬತ್ತು ಮಂದಿಯನ್ನು ಕೇಳಬೇಕು. ಐವರನ್ನು ಕೋಸ್ಟ್ ಗಾರ್ಡಿನ ವರಾಹ ಹಡಗು ಪಾರುಮಾಡಿತು, ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರ್ ಎತ್ತಿತು. ಆದರೆ 2025ರ ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡಿನ ಧ್ರುವ್ ಬಿದ್ದು ಮೂವರು ತೀರಿಕೊಂಡ ಮೇಲೆ ಇಡೀ ಧ್ರುವ್ ಬಳಗ ನೆಲದಲ್ಲಿ ಕೂತಿತು. ಒಂದೇ ಜಾತಿಯ ಯಂತ್ರವನ್ನು ನೆಚ್ಚಿಕೊಂಡರೆ ಒಂದು ಬಿಡಿಭಾಗದ ದೋಷಕ್ಕೆ ಇಡೀ ಕರಾವಳಿ ಬೆಲೆ ತೆರುತ್ತದೆ.

ಇಲ್ಲಿಂದ ಮುಂದೆ ದೀಪಸ್ತಂಭ ಮಾದರಿಗಳ ಮಾತು ಬಿಟ್ಟು ಜಾಗದ ಮಾತು ಹಿಡಿಯಿತು. ಜೀವಮಾನವೆಲ್ಲ ಒಂದೇ ಕಡೆ ನಿಂತವರ ಪಕ್ಷಪಾತ ಇದು ಎನ್ನಬಹುದು. ಆದರೆ ಗಣಿತ ಅದರ ಕಡೆಗೇ ಇದೆ. ನೀರಿಗೆ ಬಿದ್ದವನನ್ನು ಗಾಳಿ, ಪ್ರವಾಹಗಳು ಎಲ್ಲಿಗೆ ಒಯ್ದವೋ ಗೊತ್ತಿಲ್ಲದ್ದರಿಂದ ಹುಡುಕಬೇಕಾದ ವೃತ್ತ ಗಳಿಗೆಗಳಿಗೆಗೂ ಹಿಗ್ಗುತ್ತದೆ. ತಲುಪುವ ಹೊತ್ತು ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು. ಕೋಸ್ಟ್ ಗಾರ್ಡ್ ವಿಮಾನಗಳು ನಿಲ್ಲುವ ಗೋವಾದಿಂದ ಮಂಗಳೂರಿಗೆ ನೇರ ಹಾದಿಯಲ್ಲಿ ಸುಮಾರು 300 ಕಿ.ಮೀ., ಕೊಚ್ಚಿಯಿಂದ 350. ಡಾರ್ನಿಯರ್‌ಗೆ ಅದು ಒಂದು ಗಂಟೆಯೊಳಗಿನ ದಾರಿ. 600 ಚಿಲ್ಲರೆ ಕಿ.ಮೀ. ಹಾರುವ ಧ್ರುವ್‌ಗೆ ಮಾತ್ರ ಅಷ್ಟರಲ್ಲಿ ಅರ್ಧ ಇಂಧನ ತೀರಿರುತ್ತದೆ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದು ತುಂಬಿಸಿಕೊಂಡೇ ಕಡಲಿಗೆ ಹೋಗಬೇಕು. "ಯಾವ ವಿಮಾನ ಅಂತ ಎಲ್ಲರೂ ಕೇಳ್ತಾರೆ, ಎಲ್ಲಿ ನಿಲ್ಲಿಸುದು ಅಂತ ಯಾರೂ ಕೇಳುದಿಲ್ಲ."

ಸುವರ್ಣ ತ್ರಿಭುಜದ ಹೆಸರು ಬಂದಾಗ ಅದರ ಕುಚೋದ್ಯ ನಿಂತಿತು. 2018ರ ಡಿಸೆಂಬರಿನಲ್ಲಿ ಏಳು ಮೀನುಗಾರರೊಂದಿಗೆ ಮಲ್ಪೆಯಿಂದ ಹೋದ ಈ ಬೋಟಿಗಾಗಿ ಹಡಗು, ವಿಮಾನಗಳೆಲ್ಲ ಹುಡುಕಿದವು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಾಲ್ವಣ್ ಬಳಿ ಕಡಲ ತಳದಲ್ಲಿ, ನೌಕಾಪಡೆಯ ನಿರೀಕ್ಷಕ್ ಹಡಗಿಗೆ. ಮುಳುಗಿದ ಬೋಟನ್ನು ಯಾವ ವಿಮಾನವೂ ಕಾಣಲಾರದು. ತನ್ನ ಜಾಗ ತಾನೇ ಹೇಳುವ 406 ಮೆಗಾಹರ್ಟ್ಸ್ ಬೀಕನ್ ಬೋಟಿನಲ್ಲಿದ್ದರೆ ಅದರ ಕರೆ ಉಪಗ್ರಹ ಹತ್ತಿ ಬೆಂಗಳೂರಿನಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರಕ್ಕೆ ಬರುತ್ತದೆ, ಅಲ್ಲಿಂದ ಕೋಸ್ಟ್ ಗಾರ್ಡಿಗೆ ಹೋಗುತ್ತದೆ. ವಿಮಾನದ ಆಯ್ಕೆಯಲ್ಲಿ ಈ ಪೆಟ್ಟಿಗೆಯನ್ನೂ ಲೆಕ್ಕ ಹಿಡಿಯಬೇಕು ಎಂಬುದು ದೀಪಸ್ತಂಭದ ವಾದ.

ದೊಡ್ಡ ಕನಸುಗಳನ್ನು ಅದು ಬೇಗ ಮುಗಿಸಿತು. 3 ಮೀಟರ್ ಅಲೆಗಳ ಮೇಲೂ ಇಳಿಯಬಲ್ಲ ಜಪಾನಿನ ಯುಎಸ್-2 ವಿಮಾನದ ಬಗ್ಗೆ ವರ್ಷಗಟ್ಟಲೆ ಮಾತುಕತೆ ನಡೆದರೂ ಅದು ನಮ್ಮ ಕಡಲಲ್ಲಿ ಇಳಿಯಲಿಲ್ಲ. ಕೋಸ್ಟ್ ಗಾರ್ಡಿಗೆ 14 ಭಾರಿ ಹೆಲಿಕಾಪ್ಟರ್ ಕೊಳ್ಳುವ ಟೆಂಡರ್ ಕೂಡ ಕಡತದಲ್ಲೇ ಹಾರಾಡಿ ದಣಿಯಿತು. ಸಿ-295 ಆಧರಿಸಿದ ಕಡಲ ಗಸ್ತು ವಿಮಾನಗಳಿಗೆ 2024ರ ಫೆಬ್ರುವರಿಯಲ್ಲಿ ರಕ್ಷಣಾ ಖರೀದಿ ಮಂಡಳಿಯ ಒಪ್ಪಿಗೆ ಸಿಕ್ಕಿದೆ. ಅಂಥ ವಿಮಾನ ಡಾರ್ನಿಯರ್‌ಗಿಂತ ಹೆಚ್ಚು ಹೊತ್ತು ಹಾರುತ್ತದೆ, ಹೆಚ್ಚು ತೆಪ್ಪ ಹೊರುತ್ತದೆ. ಎತ್ತಲು ಅದಕ್ಕೂ ಆಗದು.

ಎಷ್ಟು ಬೇಕು ಎಂಬುದು ಕೊನೆಯ ಪ್ರಶ್ನೆ. ಉಪ್ಪುಗಾಳಿ ಲೋಹ ತಿನ್ನುತ್ತದೆ. ಕಡಲ ಮೇಲೆ ತಗ್ಗಿನಲ್ಲಿ ಹಾರಿ ಬಂದ ಎಂಜಿನನ್ನು ಸಿಹಿನೀರಿನಲ್ಲಿ ತೊಳೆಯಬೇಕು, ರಿಪೇರಿಯ ದಿನಗಳೂ ಜಾಸ್ತಿ. ಸದಾ ಒಂದು ಹೆಲಿಕಾಪ್ಟರ್ ಹಾರಲು ಸಿದ್ಧವಿರಬೇಕಾದರೆ ಮೂರು ಕೊಳ್ಳಬೇಕು: ಒಂದು ಹಾರಲು, ಒಂದು ಬದಲಿಗೆ, ಒಂದು ವರ್ಕ್‌ಶಾಪಿನಲ್ಲಿ ಬಿಚ್ಚಿ ಹಾಕಲು. ಇದನ್ನು ಬರೆದು ಖರೀದಿ ಸಮಿತಿಗೆ ಕಳುಹಿಸಬಹುದೇ ಎಂದು ಸಂದರ್ಶಕರು ಕೇಳಿದಾಗ ದೀಪಸ್ತಂಭ ಒಪ್ಪಿತು. ಸಮಿತಿ ಏನು ಟಿಪ್ಪಣಿ ಹಾಕುತ್ತದೆಂಬುದೂ ಅದಕ್ಕೆ ಗೊತ್ತಿತ್ತು: ಸಲಹೆ ಉಪಯುಕ್ತ, ಮೂರರ ಬದಲು ಒಂದು ಸಾಕು, ಸಲಹೆಗಾರರಿಗೆ ಹಾರಾಟದ ಅನುಭವವಿಲ್ಲ.