ಓರೆ ಗೆರೆ

ಮಾನವಶಾಸ್ತ್ರದ ಎಂ.ಎ.ಗೆ ಸೇರಿದವರಿಗೆ ಮನೆತನದ ನಕ್ಷೆ ಬರೆಯುವುದನ್ನು ಕಲಿಸುತ್ತಾರೆ. ಗಂಡಸು ತ್ರಿಕೋನ, ಹೆಂಗಸು ವೃತ್ತ, ಮದುವೆಗೆ ಗಣಿತದ ಸಮ ಚಿಹ್ನೆ. (ಇದನ್ನು ಆರಿಸಿದವರಿಗೆ ಮದುವೆ ಆಗಿರಲಿಕ್ಕಿಲ್ಲ.) ಒಂದು ತಲೆಮಾರಿನವರೆಲ್ಲ ಒಂದೇ ಸಾಲಿನಲ್ಲಿ ನಿಲ್ಲಬೇಕು, ಮಕ್ಕಳು ಕೆಳಗಿನ ಸಾಲಿಗೆ ಇಳಿಯಬೇಕು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಈ ವಿದ್ಯೆ ಹೊತ್ತು, ರಜೆಗೆ ಅವ್ವನ ತವರು ಹಲಬರ್ಗಾದಲ್ಲಿ ಇಳಿದೆ.

“ಏನ್ ಓದ್ಲತ್ತಿ?” ಅಂದಳು ಆಯಿ.

“ಮಂದಿ ಹೆಂಗ ಬದುಕ್ತಾರ ಅನ್ನೋದು.”

“ಅದಕ್ಕ ಧಾರವಾಡ ಯಾಕ? ಕಟ್ಟಿ ಮ್ಯಾಲ ಕುಂತಿದ್ರ ಆಗ್ತಿತ್ತು.”

ಕಟ್ಟೆಯ ಮೇಲೆಯೇ ಹಾಳೆ ಹರವಿದೆ. ತೊಡಕು ಶುರುವಾದದ್ದು ಮಾಮಾನಿಂದ. ಅವನು ಮಾಡಿಕೊಂಡದ್ದು ಸ್ವಂತ ಅಕ್ಕನ ಮಗಳನ್ನು, ಅಂದರೆ ನಮ್ಮ ದೊಡ್ಡವ್ವನ ಮಗಳನ್ನು. ಅವನು ಮೇಲಿನ ಸಾಲು, ಆಕೆ ಕೆಳಗಿನ ಸಾಲು. ಸಮ ಚಿಹ್ನೆ ಓರೆಯಾಗಿ ಏಣಿ ಹತ್ತಿತು. ಅವರ ಮಗ ಮಾಮಾನ ಕಡೆಯಿಂದ ನನ್ನ ಸರೀಕ, ನನಗೆ ಅಕ್ಕನಾಗುವ ಅವನ ತಾಯಿಯ ಕಡೆಯಿಂದ ನನ್ನ ಅಳಿಯ. ಆಯಿಗೆ ಮಗನ ಲೆಕ್ಕದಲ್ಲಿ ಮೊಮ್ಮಗ, ಮೊಮ್ಮಗಳ ಲೆಕ್ಕದಲ್ಲಿ ಮರಿಮಗ. ಆ ಪೋರ ಹಬ್ಬದ ರೊಕ್ಕವನ್ನು ಎರಡೂ ಖಾತೆಯಲ್ಲಿ ವಸೂಲು ಮಾಡುತ್ತಾನೆ. ಬಂಧುತ್ವ ಸಿದ್ಧಾಂತ ಅವನಷ್ಟು ತಿಳಿದವರು ನಮ್ಮ ತರಗತಿಯಲ್ಲಿ ಯಾರೂ ಇರಲಿಲ್ಲ.

ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರ ತಮ್ಮ ಪುಸ್ತಕದಲ್ಲಿ ಭಾರತವನ್ನು ಬಂಧುತ್ವದ ನಾಲ್ಕು ವಲಯ ಮಾಡಿದರು. ಕರ್ನಾಟಕ ದಕ್ಷಿಣಕ್ಕೆ, ಮಹಾರಾಷ್ಟ್ರ ಮಧ್ಯಕ್ಕೆ. ಅಲ್ಲಿ ಸಾಮಾನ್ಯವಾಗಿ ಸೋದರಮಾವನ ಮಗಳು ನಡೆಯುತ್ತಾಳೆ, ಅಕ್ಕನ ಮಗಳು ನಡೆಯುವುದಿಲ್ಲ. ನಮ್ಮ ರೈಲು ಮಾತ್ರ ಭಾಲ್ಕಿ, ಕಮಲನಗರ ದಾಟಿ ಯಾವ ವಲಯವನ್ನೂ ಕೇಳದೆ ಮಹಾರಾಷ್ಟ್ರದ ಉದಗೀರಿಗೆ ಹೋಗುತ್ತದೆ; ಬೀಗರೂ ಅದರಲ್ಲೇ ಬರುತ್ತಾರೆ. ಹೀಗಾಗಿ ಕರ್ವೆಯವರ ಗಡಿರೇಖೆ ನಮ್ಮ ಮನೆಯ ಊಟದ ಪಂಕ್ತಿಯ ನಡುವೆ ಹಾದುಹೋಗುತ್ತದೆ.

ಈ ಓದಿಗೂ ಮರ್ಯಾದೆ ಉಂಟೆಂದು ಆಯಿಗೆ ತೋರಿಸಲು ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಕಥೆ ತೆಗೆದೆ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು ಟಿಪ್ಪಣಿ ಮಾಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು, ಆ ಟಿಪ್ಪಣಿಯನ್ನು ತಿದ್ದಿ ಬೆಳೆಸಿದ ಕಾಗದಗಳೆಲ್ಲ ಸುಟ್ಟವು. ಬಹುಪಾಲು ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂದು ಜಗತ್ಪ್ರಸಿದ್ಧವಾಯಿತು.

ಆಯಿ ಮರುಗಿದಳು. ಆಮೇಲೆ, “ನೆನಪಿತ್ತಂದ್ರ ಮೊದಲೇ ಬರೀಬೇಕಿತ್ತಲ್ಲ. ಅಷ್ಟ್ ಕಾಗದ ಯಾಕ ಹಾಳ್ ಮಾಡ್ದ?”

ಉತ್ತರ ಹುಡುಕುತ್ತಿರುವಾಗ ಹಾಳೆ ತನ್ನ ಕಡೆ ಎಳೆದುಕೊಂಡಳು. ಓದು ಬಾರದಿದ್ದರೂ ತನ್ನ ಸಂತಾನವನ್ನು ಬೆರಳಿಟ್ಟು ಗುರುತಿಸಿದಳು. ನಕ್ಷೆ ಯಾರಿಂದ ಹೊರಡುತ್ತದೋ ಅವರ ಗುರುತಿಗೆ ಕಪ್ಪು ತುಂಬುವುದು ಪದ್ಧತಿ. ಬೆರಳು ಅಲ್ಲಿಗೆ ಬಂದು ನಿಂತಿತು.

“ಈ ಕರಿದು ಯಾರು?”

“ನಾನೇ.”

“ಒಬ್ಬನೇ ಯಾಕ ನಿಂತಿ? ಉದಗೀರ ಬೀಗರಿಗೆ ಒಬ್ಬಾಕಿ ಮಗಳು ಅದಾಳ.”

“ವಲಯ ದಾಟಬೇಕಾಗ್ತದ ಆಯಿ.”

“ದಾಟು. ಟಿಕೀಟಿನ ರೊಕ್ಕ ನಾ ಕೊಡ್ತೀನಿ.”