ಹಾರಿದ್ದೇನು?

(ಅಮೆರಿಕದ ವರ್ಜೀನಿಯಾ. ಊರಿಂದ ಮಗನ ಮನೆಗೆ ಬಂದ ಅಪ್ಪ.)

ಅಪ್ಪ: ಪೆಂಟಗನ್‌ನೋರು ಗುಟ್ಟಾಗಿ ಹಾರೋ ತಟ್ಟೆ ಹುಡುಕ್ತಿದ್ರಂತೆ?

ಮಗ: ಹೂಂ, 2007ರಿಂದ. 2.2 ಕೋಟಿ ಡಾಲರ್ ಖರ್ಚು. 2017ರಲ್ಲಿ ಪೇಪರ್‌ನಲ್ಲಿ ಬಂತು.

ಅಪ್ಪ: ತಟ್ಟೆ ಸಿಕ್ತಾ?

ಮಗ: ಇಲ್ಲ.

ಅಪ್ಪ: ದುಡ್ಡು ಹಾರಿದ್ದಂತೂ ಖಾತ್ರಿ.

ಮಗ: 2023ರಲ್ಲಿ ಗ್ರಷ್ ಅನ್ನೋ ಮಾಜಿ ಗುಪ್ತಚರ ಅಧಿಕಾರಿ ಸಂಸತ್ ಸಮಿತಿ ಮುಂದೆ ಪ್ರಮಾಣ ಮಾಡಿ, ತಟ್ಟೆ ಸರ್ಕಾರದ ಹತ್ರಾನೇ ಇದೆ ಅಂದ್ರು.

ಅಪ್ಪ: ಕಣ್ಣಾರೆ ನೋಡಿದ್ರಾ?

ಮಗ: ಇಲ್ಲ, ಗೊತ್ತಿರೋರು ಹೇಳಿದ್ರಂತೆ.

ಅಪ್ಪ: ಆಮೇಲೆ?

ಮಗ: 2024ರಲ್ಲಿ ಪೆಂಟಗನ್ನಿನದೇ ಕಚೇರಿ ಪರಿಶೀಲಿಸಿ, ಪುರಾವೆ ಇಲ್ಲ ಅಂತು.

ಅಪ್ಪ: ತನ್ನ ಜೇಬು ತಾನೇ ತಡಕಿತು ಅನ್ನು!

ಮಗ: ನೀವೇನಂತೀರಿ?

ಅಪ್ಪ: ಯಾರೂ ಬಂದಿರಲಿಕ್ಕಿಲ್ಲ ಕಣೋ. ಏರ್‌ಪೋರ್ಟ್‌ನಲ್ಲಿ ನನ್ನ ಉಪ್ಪಿನಕಾಯಿ ಬಾಟ್ಲಿನೇ ಬಿಚ್ಚಿಸಿ ನೋಡಿದೋರು, ತಟ್ಟೆ ಹಿಡ್ಕೊಂಡು ಬಂದೋರ್ನ ಸುಮ್ನೆ ಒಳಗೆ ಬಿಡ್ತಿದ್ರಾ?